ಪಾಳೆಯದ ಲೆಕ್ಕ ಕೇಳುವವರಾರು? ಕೋಲಾರ ಸೀಮೆಯ ಯುದ್ಧಗಳಲ್ಲಿ ಲೂಟಿ, ಗುತ್ತಿಗೆ ಮತ್ತು ವಿಚಾರಣೆ

ಸೈನ್ಯದೊಳಗೆ ನಡೆದ ಅಪರಾಧವನ್ನು ಸೈನ್ಯದವನೇ ತನಿಖೆ ಮಾಡಬೇಕಾಗಿ ಬಂದಾಗ, ಅದೂ ಯುದ್ಧ ನಡೆಯುತ್ತಿರುವ ನೆಲದಲ್ಲಿ ಮಾಡಬೇಕಾಗಿ ಬಂದಾಗ, ಎದುರಾಗುವ ತೊಡಕುಗಳು ಊರಿನ ಠಾಣೆಯ ಅಧಿಕಾರಿಯೊಬ್ಬ ಎದುರಿಸುವ ತೊಡಕುಗಳಂಥವಲ್ಲ. ಪಾಳೆಯ, ಅಂದರೆ ದಂಡು ಇಳಿದುಕೊಂಡ ಬಿಡಾರ, ದಿನಕ್ಕೊಂದು ಊರಿಗೆ ಸಾಗುತ್ತಿರುತ್ತದೆ. ಸಾಕ್ಷಿ ಹೇಳಬೇಕಾದ ರೈತ ಊರು ಬಿಟ್ಟು ಓಡಿರುತ್ತಾನೆ. ಲೆಕ್ಕದ ಪುಸ್ತಕ ಸುಟ್ಟುಹೋಗಿರುತ್ತದೆ ಅಥವಾ ಸುಟ್ಟುಹೋಯಿತೆಂದು ಹೇಳಲು ಅನುಕೂಲವಾಗಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆರೋಪಕ್ಕೆ ಒಳಗಾದವನು ಹಲವು ಬಾರಿ ತನಿಖೆ ಮಾಡುವವನಿಗಿಂತ ಮೇಲಿನ ಹುದ್ದೆಯಲ್ಲಿರುತ್ತಾನೆ. ಈ ತೊಡಕುಗಳ ಸ್ವರೂಪವನ್ನು ಅರಿಯಲು ದೂರದ ದೇಶಗಳ ಯುದ್ಧಭೂಮಿಗಳಿಗೆ ಹೋಗಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಇಂದಿನ ಶ್ರೀನಿವಾಸಪುರ ತಾಲ್ಲೂಕುಗಳ ನೆಲದಲ್ಲಿ 1768ರಲ್ಲಿಯೂ 1791ರಲ್ಲಿಯೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಡೆದುಕೊಂಡ ರೀತಿ, ಆ ನಡತೆಯನ್ನು ಪ್ರಶ್ನಿಸಿದವರಿಗೆ ಆದ ಗತಿ, ಇವೆರಡೂ ಈ ವಿಷಯವನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತವೆ.

ಈ ನಾಲ್ಕು ತಾಲ್ಲೂಕುಗಳು ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿವೆ. ಆರ್ಕಾಟಿನ ಬಯಲಿನಿಂದ ಘಟ್ಟ ಹತ್ತಿ ಬರುವ ಯಾವ ದಂಡಾದರೂ ವೆಂಕಟಗಿರಿಕೋಟೆ ಅಥವಾ ಪಲಮನೇರಿನ ದಾರಿಯಾಗಿ ಮೊದಲು ಮುಳಬಾಗಿಲನ್ನೂ ಆಮೇಲೆ ಕೋಲಾರವನ್ನೂ ಮುಟ್ಟುತ್ತಿತ್ತು. ಅಲ್ಲಿಂದ ಪಶ್ಚಿಮಕ್ಕೆ ಹೊಸಕೋಟೆಯ ಮೂಲಕವೋ ಮಾಲೂರಿನ ಮೂಲಕವೋ ಬೆಂಗಳೂರಿಗೆ ದಾರಿ, ಉತ್ತರಕ್ಕೆ ಗುರ್ರಂಕೊಂಡದ ಕಡೆಗೆ ದಾರಿ. ಈ ಉತ್ತರದ ದಾರಿಯಲ್ಲಿರುವ ಶ್ರೀನಿವಾಸಪುರಕ್ಕೆ ಆಗ ಆ ಹೆಸರಿರಲಿಲ್ಲ. ಪಾಪನಪಲ್ಲಿ ಎಂದು ಕರೆಯಲ್ಪಡುತ್ತಿದ್ದ ಊರು ಇಂದಿನ ಹೆಸರನ್ನು ಪಡೆದದ್ದು ದಿವಾನ್ ಪೂರ್ಣಯ್ಯನ ಕಾಲದಲ್ಲಿ. ಕೆರೆಗಳ ಸೀಮೆಯಾದುದರಿಂದ ಇಲ್ಲಿ ನೀರು, ಮೇವು, ರಾಗಿ, ಹುರುಳಿ ದೊರೆಯುತ್ತಿದ್ದವು, ಮತ್ತು ದಂಡಿಗೆ ಬೇಕಾದದ್ದೂ ಅವೇ. ಹೈದರ್ ಅಲಿಯ ಮಟ್ಟಿಗೆ ಇದು ಗಡಿನಾಡಷ್ಟೇ ಅಲ್ಲ, ತವರು ಸೀಮೆಯೂ ಹೌದು. ಅವನ ತಂದೆ ಫತೇ ಮಹಮ್ಮದ್ ಶಿರಾದ ನವಾಬನ ಅಧೀನದಲ್ಲಿ ಕೋಲಾರದ ಫೌಜುದಾರನಾಗಿದ್ದನು; ಫೌಜುದಾರನೆಂದರೆ ಒಂದು ಸೀಮೆಯ ಸೇನೆ ಮತ್ತು ಶಾಂತಿಪಾಲನೆ ಎರಡನ್ನೂ ನೋಡಿಕೊಳ್ಳುವ ಅಧಿಕಾರಿ. ಹೈದರ್ ಹುಟ್ಟಿದ್ದು ಹತ್ತಿರದ ಬೂದಿಕೋಟೆಯಲ್ಲಿ. ಅವನ ಮನೆತನದ ಗೋರಿಗಳಿರುವ ಮಖಬರಾ ಕೋಲಾರದಲ್ಲಿ ಇಂದಿಗೂ ಇದೆ.

ಮೊದಲನೆಯ ಮೈಸೂರು ಯುದ್ಧ 1767ರಲ್ಲಿ ಆರಂಭವಾಯಿತು. ಚೆಂಗಮ ಮತ್ತು ತಿರುವಣ್ಣಾಮಲೈಗಳಲ್ಲಿ ಗೆದ್ದ ಕರ್ನಲ್ ಜೋಸೆಫ್ ಸ್ಮಿತ್ ಮರುವರ್ಷ ಯುದ್ಧವನ್ನು ಘಟ್ಟದ ಮೇಲಕ್ಕೆ ಒಯ್ದನು. 1768ರ ಜೂನ್ ತಿಂಗಳಲ್ಲಿ ಕರ್ನಲ್ ಕ್ಯಾಂಪ್‌ಬೆಲ್‌ನ ತುಕಡಿ ವೆಂಕಟಗಿರಿ, ಮುಳಬಾಗಿಲು ಮತ್ತು ಕೋಲಾರಗಳನ್ನು ಒಂದಾದ ಮೇಲೊಂದರಂತೆ ವಶಪಡಿಸಿಕೊಂಡಿತು. ಬೆಂಗಳೂರನ್ನು ಮುತ್ತಿಗೆ ಹಾಕಿ ಹಿಡಿಯುವುದು ಸ್ಮಿತ್‌ನ ಗುರಿಯಾಗಿತ್ತು. ಆ ಗುರಿ ಈಡೇರಲೇ ಇಲ್ಲ. ಅದಕ್ಕೆ ಹೈದರನ ಕುದುರೆ ಸವಾರರ ಚುರುಕು ಒಂದು ಕಾರಣವಾದರೆ, ಕೋಲಾರದಲ್ಲಿ ಬಿಡಾರ ಹೂಡಿದ ಕಂಪನಿಯ ಪ್ರತಿನಿಧಿಗಳು ಇನ್ನೊಂದು ಕಾರಣ.

ಮದರಾಸಿನ ಆಡಳಿತ ಮಂಡಳಿ ದಂಡಿನ ಜೊತೆಯಲ್ಲಿ ಇಬ್ಬರು ಸದಸ್ಯರನ್ನು ಕಳುಹಿಸಿತ್ತು: ಜಾನ್ ಕಾಲ್ ಮತ್ತು ಜಾರ್ಜ್ ಮೆಕೇ. ಇವರಿಗೆ ಫೀಲ್ಡ್ ಡೆಪ್ಯುಟಿಗಳೆಂದು ಹೆಸರು. ಇಂದಿನ ಮಾತಿನಲ್ಲಿ ಹೇಳುವುದಾದರೆ ರಣರಂಗದಲ್ಲಿ ಸರ್ಕಾರದ ಪರವಾಗಿ ಕುಳಿತು ಸೇನಾಪತಿಯ ಕಾರ್ಯವನ್ನು ನೋಡಿಕೊಳ್ಳುವ, ಅವನಿಗೆ ಸಲಹೆ ಕೊಡುವ, ಗೆದ್ದ ನೆಲದ ವ್ಯವಸ್ಥೆಯನ್ನು ತೀರ್ಮಾನಿಸುವ ನಾಗರಿಕ ಮೇಲ್ವಿಚಾರಕರು. ಇವರ ಜೊತೆ ಆರ್ಕಾಟಿನ ನವಾಬ ಮಹಮ್ಮದ್ ಅಲಿಯೂ ತನ್ನ ಪರಿವಾರದೊಡನೆ ಕೋಲಾರಕ್ಕೆ ಬಂದು ನೆಲೆಸಿದನು, ಏಕೆಂದರೆ ಗೆದ್ದ ನೆಲದ ಕಂದಾಯ ತನಗೆ ಸೇರಬೇಕೆಂಬುದು ಅವನ ಎಣಿಕೆ, ಮತ್ತು ಅವನಿಗೆ ಸಾಲ ಕೊಟ್ಟಿದ್ದ ಮದರಾಸಿನ ಕಂಪನಿ ಅಧಿಕಾರಿಗಳಿಗೂ ಆ ಕಂದಾಯದ ಮೇಲೆ ಕಣ್ಣಿತ್ತು. ಹೀಗೆ 1768ರ ಮಳೆಗಾಲದಲ್ಲಿ ಕೋಲಾರವು ಒಂದೇ ವೇಳೆಗೆ ದಂಡಿನ ನೆಲೆ, ನವಾಬನ ದರ್ಬಾರು ಮತ್ತು ಮದರಾಸಿನ ಒಂದು ಕಚೇರಿಯಾಗಿತ್ತು.

ಮೇಲ್ವಿಚಾರಣೆ ಎಂಬುದು ತನ್ನಷ್ಟಕ್ಕೆ ಒಳ್ಳೆಯ ಏರ್ಪಾಡು. ದಂಡನಾಯಕನ ಕೈಯಲ್ಲಿ ಹಣ, ಧಾನ್ಯ, ಶಿಕ್ಷಿಸುವ ಅಧಿಕಾರ ಎಲ್ಲವೂ ಕೂಡಿಬಿದ್ದಾಗ ಅವನ ಲೆಕ್ಕವನ್ನು ಕೇಳಲು ಇನ್ನೊಬ್ಬನಿರಬೇಕು ಎಂಬ ತತ್ತ್ವದಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಕೇಳಲು ಬಂದವರಿಗೇ ಲೆಕ್ಕದಲ್ಲಿ ಪಾಲಿದ್ದರೆ ಆ ತತ್ತ್ವ ತಲೆಕೆಳಗಾಗುತ್ತದೆ. ಸ್ಮಿತ್‌ನ ದೂರಿನ ಸಾರ ಇದೇ ಆಗಿತ್ತು: ದಂಡಿಗೆ ಆಹಾರ ಒದಗಿಸುವ ಗುತ್ತಿಗೆಯ ಲಾಭದಲ್ಲಿ ಮೇಲ್ವಿಚಾರಕರಿಗೂ ಮದರಾಸಿನ ಮೇಲಿನವರಿಗೂ ಪಾಲಿದೆ, ಆದುದರಿಂದಲೇ ಸರಬರಾಜಿನ ಕೊರತೆಯನ್ನು ಕೇಳುವವರು ಯಾರೂ ಇಲ್ಲ ಎಂಬುದು. ಈ ಕಾಲದ ಇತಿಹಾಸವನ್ನು ಬರೆದ ಮುಂದಿನ ಲೇಖಕರು ಈ ದೂರನ್ನು ಹಗುರವಾಗಿ ತಳ್ಳಿಹಾಕಿಲ್ಲ. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದು, 1810ರಿಂದ 1817ರ ನಡುವೆ ದಕ್ಷಿಣ ಭಾರತದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಹೈದರನ ವಿಷಯದಲ್ಲಿ ಪಕ್ಷಪಾತಿಯಾಗಿರಬಹುದು. ತನ್ನ ಪಕ್ಷದವರ ಕುಂದನ್ನು ಹೇಳುವಾಗ ಮಾತ್ರ ಅವನ ಮಾತಿಗೆ ಹೆಚ್ಚಿನ ತೂಕ ಕೊಡಬೇಕಾಗುತ್ತದೆ.

ಗುತ್ತಿಗೆಯ ಮೋಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಯುದ್ಧಕಾಲದ ಭ್ರಷ್ಟಾಚಾರದ ಬೇರು ಅಲ್ಲಿದೆ. ಆ ಕಾಲದ ದಂಡು ಚಲಿಸುತ್ತಿದ್ದುದು ಎತ್ತುಗಳ ಬಲದಿಂದ. ತೋಪನ್ನು ಎಳೆಯುವ ಎತ್ತು ಬೇರೆ, ಅಕ್ಕಿ ಮತ್ತು ಮದ್ದುಗುಂಡಿನ ಚೀಲ ಹೊರುವ ಹೇರೆತ್ತು ಬೇರೆ. ಇವುಗಳನ್ನು ಕಂಪನಿ ತಾನೇ ಸಾಕುತ್ತಿರಲಿಲ್ಲ. ತಲೆಗೆ ಇಷ್ಟೆಂದು ಬಾಡಿಗೆ ಗೊತ್ತುಮಾಡಿ ಗುತ್ತಿಗೆದಾರನಿಂದ ಪಡೆಯುತ್ತಿತ್ತು. ಪಟ್ಟಿಯಲ್ಲಿ ಎಷ್ಟು ಎತ್ತುಗಳಿವೆಯೋ ಅಷ್ಟಕ್ಕೆ ಹಣ ಸಂದಾಯವಾಗುತ್ತದೆ. ಹಟ್ಟಿಯಲ್ಲಿ ಎಷ್ಟು ಇವೆ ಎಂದು ಎಣಿಸಬೇಕಾದವನು ಬೇರೊಬ್ಬ ಅಧಿಕಾರಿ. ಆ ಅಧಿಕಾರಿ ಕಣ್ಣುಮುಚ್ಚಿಕೊಂಡರೆ ಸತ್ತ ಎತ್ತು ಪಟ್ಟಿಯಲ್ಲಿ ಬದುಕಿರುತ್ತದೆ, ಬಡಕಲು ಎತ್ತು ದಷ್ಟಪುಷ್ಟವೆಂದು ಬರೆಯಲ್ಪಡುತ್ತದೆ. ಸೈನಿಕರ ಹಾಜರಿಪಟ್ಟಿಯಲ್ಲಿಯೂ ಇದೇ ಬಗೆಯ ಮೋಸ ನಡೆಯುತ್ತಿತ್ತು. ಇಲ್ಲದವರ ಹೆಸರಿನಲ್ಲಿ ಸಂಬಳ ಎತ್ತುವ ಈ ಪದ್ಧತಿ ಹದಿನೆಂಟನೆಯ ಶತಮಾನದ ಎಲ್ಲ ಸೈನ್ಯಗಳ ರೋಗವಾಗಿತ್ತು. ಈ ಮೋಸದ ಫಲವು ಲೆಕ್ಕದ ಪುಸ್ತಕದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಪಟ್ಟಿಯಲ್ಲಿರುವ ಎತ್ತು ನೆಲದ ಮೇಲೆ ಇಲ್ಲದೆ ಹೋದಾಗ ದಂಡಿನವರು ಹತ್ತಿರದ ಹಳ್ಳಿಗೆ ನುಗ್ಗಿ ರೈತನ ಉಳುವ ಜೋಡಿಯನ್ನು ಬಿಚ್ಚಿಕೊಂಡು ಹೋಗುತ್ತಾರೆ. ಗೋದಾಮಿನಲ್ಲಿರಬೇಕಾದ ಧಾನ್ಯ ಇಲ್ಲದಾಗ ಹಗೇವು, ಅಂದರೆ ನೆಲದಡಿಯಲ್ಲಿ ರಾಗಿ ತುಂಬಿಡುವ ಕಣಜ, ಅಗೆಯಲ್ಪಡುತ್ತದೆ. ಮೇಲಿನವನ ಲಂಚಕ್ಕೂ ಕೆಳಗಿನವನ ಲೂಟಿಗೂ ಇರುವ ಈ ನೇರ ಸಂಬಂಧವನ್ನು ಕಾಣದ ತನಿಖೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಅರ್ಧ ತನಿಖೆಯೇ ಸರಿ.

ಮೈಸೂರಿನ ಕಡೆಯಲ್ಲಿ ಈ ಮೋಸಗಳು ಇರಲಿಲ್ಲವೆಂದು ಭಾವಿಸಬೇಕಾಗಿಲ್ಲ. ಹೈದರ್ 1755ರ ಸುಮಾರಿಗೆ ದಿಂಡಿಗಲ್ಲಿನ ಫೌಜುದಾರನಾಗಿದ್ದಾಗ, ಗಾಯಗೊಂಡ ಸೈನಿಕರಿಗೆ ಕೊಡುವ ಭತ್ಯೆಯ ವಿಚಾರವಾಗಿ ಶ್ರೀರಂಗಪಟ್ಟಣದಿಂದ ಪರಿಶೀಲನೆಗೆ ಬಂದ ಅಧಿಕಾರಿಯ ಮುಂದೆ 700 ಜನರನ್ನು ಅರಿಸಿನ ಬಣ್ಣದ ಬಟ್ಟೆ ಕಟ್ಟಿ ಮಲಗಿಸಿದ್ದನೆಂದೂ, ಅವರಲ್ಲಿ ನಿಜವಾಗಿ ಗಾಯಗೊಂಡವರು 67 ಮಂದಿ ಮಾತ್ರವೆಂದೂ ವಿಲ್ಕ್ಸ್ ಬರೆದಿದ್ದಾನೆ. ಎಣಿಸಿದವರೇ ಸುತ್ತಿ ಬಂದು ಮತ್ತೆ ಎಣಿಕೆಗೆ ನಿಲ್ಲುವ ಹಾಜರಿಯಿಂದ 10,000 ಜನರನ್ನು 18,000 ಎಂದು ಒಪ್ಪಿಸಿದ ಸಂಗತಿಯೂ ಅಲ್ಲಿ ಇದೆ. ಕೇಂದ್ರದಿಂದ ಬಂದ ತನಿಖಾಧಿಕಾರಿ, ಸ್ಥಳೀಯ ಸೇನಾನಿ ತೋರಿಸಿದ್ದನ್ನೇ ನೋಡಿ ವರದಿ ಬರೆದು ಹಿಂದಿರುಗುವ ಈ ದೃಶ್ಯ ಯಾವ ಕಾಲದ ಓದುಗನಿಗೂ ಪರಿಚಿತವಾದುದೇ. ಮುಂದೆ ತಾನೇ ರಾಜ್ಯದ ಒಡೆತನಕ್ಕೆ ಬಂದ ಮೇಲೆ ಹೈದರ್ ಈ ಒಳಗುಟ್ಟುಗಳನ್ನೆಲ್ಲ ಬಲ್ಲವನಾಗಿ, ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆ ಇಲಾಖೆಯನ್ನು ಗುಪ್ತಚರ್ಯೆಗೆ ಬಳಸಿದನು. ಹರಕಾರರು, ಅಂದರೆ ಓಲೆಯನ್ನೂ ಸುದ್ದಿಯನ್ನೂ ಒಯ್ಯುವ ಓಟಗಾರರು, ಅಧಿಕಾರಿಗಳ ನಡತೆಯ ವರದಿಯನ್ನೂ ಅವನಿಗೆ ತಲುಪಿಸುತ್ತಿದ್ದರು. ಹಣ ನುಂಗಿದ ಅಧಿಕಾರಿಗೆ ಕೊರಡೆಯ ಏಟು, ಕಕ್ಕಿಸುವ ದಂಡ ತಪ್ಪುತ್ತಿರಲಿಲ್ಲ. ಅದು ವೇಗದ ವಿಧಾನವಾಗಿತ್ತು, ಭಯ ಹುಟ್ಟಿಸುವ ವಿಧಾನವಾಗಿತ್ತು. ಆರೋಪಿತನಿಗೆ ಮಾತನಾಡುವ ಅವಕಾಶ ಕೊಡುವ ವಿಧಾನವಾಗಿರಲಿಲ್ಲವಾದುದರಿಂದ ಅದನ್ನು ನ್ಯಾಯವೆಂದು ಕರೆಯುವುದು ಕಷ್ಟ.

ಮತ್ತೆ ಕೋಲಾರಕ್ಕೆ ಬಂದರೆ, ಮೇಲ್ವಿಚಾರಕರ ಹಸ್ತಕ್ಷೇಪದ ಬೆಲೆಯನ್ನು ಮೊದಲು ತೆತ್ತದ್ದು ಮುಳಬಾಗಿಲು. ಅಲ್ಲಿಯ ಬೆಟ್ಟದ ಕೋಟೆಯಲ್ಲಿ ಸ್ಮಿತ್ ಇರಿಸಿದ್ದ ಕಂಪನಿಯ ಕಾವಲುಪಡೆಯನ್ನು ಮೇಲ್ವಿಚಾರಕರು ತೆಗೆದು, ನವಾಬನ ಸಿಪಾಯಿಗಳನ್ನು ಅಲ್ಲಿ ನೇಮಿಸಿದರು. ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಹೈದರನೊಡನೆ ಗುಟ್ಟಾಗಿ ಮಾತನಾಡಿಕೊಂಡು ಕೋಟೆಯನ್ನು ಒಪ್ಪಿಸಿದನು. ಕೆಲವು ತಿಂಗಳ ಹಿಂದೆ ಕಂಪನಿಯವರ ಕೈಗೆ ಆ ಕೋಟೆ ಬಂದದ್ದೂ ಇಂಥದೇ ಒಳಸಂಚಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಅದನ್ನು ಮರಳಿ ಪಡೆಯಲು ಹೋದ ಕರ್ನಲ್ ವುಡ್‌ನ ದಂಡು ಕೆಳಕೋಟೆಯನ್ನು ಹಿಡಿಯಿತು, ಬೆಟ್ಟವನ್ನು ಹತ್ತಲಾಗಲಿಲ್ಲ. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಮುಖ್ಯ ಸೈನ್ಯ ಅವನನ್ನು ಸುತ್ತುವರಿಯಿತು. ಸಾಮಾನು ಸರಂಜಾಮಿನ ಕಾವಲಿನಲ್ಲಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ರೋಗಿಗಳನ್ನೂ ಸೇರಿಸಿಕೊಂಡು, ಎರಡು ತೋಪುಗಳನ್ನು ಬಂಡೆಯೊಂದರ ನೆತ್ತಿಗೆ ಎಳೆಸಿ, ಸ್ಮಿತ್ ಬಂದನೆಂದು ಎಲ್ಲರೂ ಕೂಗುವಂತೆ ಮಾಡಿ ಗುಂಡು ಹಾರಿಸಿದ್ದರಿಂದ ಆ ದಿನ ವುಡ್‌ನ ದಂಡು ಪೂರ್ಣ ನಾಶವಾಗದೆ ಉಳಿಯಿತು. ಸತ್ತವರ, ಗಾಯಗೊಂಡವರ ಸಂಖ್ಯೆ ಕಂಪನಿಯ ಕಡೆ ಇನ್ನೂರನ್ನು ಮೀರಿತು. ಕಾವಲುಪಡೆಯನ್ನು ಬದಲಾಯಿಸಿದ ತೀರ್ಮಾನಕ್ಕೂ ಈ ಸಾವುಗಳಿಗೂ ನಡುವಿನ ಎಳೆ ತೀರ ಸ್ಪಷ್ಟವಾಗಿದ್ದರೂ, ಆ ತೀರ್ಮಾನ ಮಾಡಿದವರನ್ನು ಯಾವ ಸೈನಿಕ ನ್ಯಾಯಾಲಯದ ಮುಂದೆಯೂ ನಿಲ್ಲಿಸಲಿಲ್ಲ.

ನಿಲ್ಲಿಸಲು ಕಾನೂನಿನ ದಾರಿಯೂ ಇರಲಿಲ್ಲವೆನ್ನಬೇಕು. ಕಂಪನಿಯ ಸೈನಿಕರಿಗೆ ಅನ್ವಯಿಸುವ ಶಿಸ್ತಿನ ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟು 1754ರಲ್ಲಿ ಮಾಡಿತ್ತು. ಅದರಂತೆ ಕೋರ್ಟ್ ಮಾರ್ಷಲ್, ಅಂದರೆ ಸೇನಾಧಿಕಾರಿಗಳೇ ನ್ಯಾಯಾಧೀಶರಾಗಿ ಕುಳಿತು ಸೈನಿಕರ ಅಪರಾಧವನ್ನು ವಿಚಾರಿಸುವ ನ್ಯಾಯಾಲಯ, ಕಂಪನಿಯ ಸೈನ್ಯದಲ್ಲಿಯೂ ನಡೆಯಬಹುದಾಗಿತ್ತು. ದಂಡಿನೊಡನೆ ಪ್ರೊವೋಸ್ಟ್ ಎಂಬ ಅಧಿಕಾರಿಯೂ ಇರುತ್ತಿದ್ದನು. ಪಾಳೆಯದ ಪೊಲೀಸನಾದ ಇವನಿಗೆ, ಲೂಟಿ ಮಾಡುತ್ತಿರುವಾಗಲೇ ಕೈಗೆ ಸಿಕ್ಕಿಬಿದ್ದವನನ್ನು ದೀರ್ಘ ವಿಚಾರಣೆಯಿಲ್ಲದೆ ಶಿಕ್ಷಿಸುವ ಅಧಿಕಾರವಿತ್ತು. ಆದರೆ ಈ ಎಲ್ಲ ಏರ್ಪಾಡು ಮುಖ್ಯವಾಗಿ ಸಮವಸ್ತ್ರ ತೊಟ್ಟವರಿಗೆ. ಆಡಳಿತ ಮಂಡಳಿಯ ಸದಸ್ಯ, ಗುತ್ತಿಗೆದಾರ, ಅವರ ದುಬಾಷಿ (ಎರಡು ಭಾಷೆ ಬಲ್ಲ ಮಧ್ಯವರ್ತಿ), ಇವರಾರೂ ಆ ಬಲೆಗೆ ಬೀಳುವವರಲ್ಲ; ಇವರ ಲೆಕ್ಕವನ್ನು ಕೇಳಬೇಕಾದದ್ದು ಮದರಾಸಿನ ಮಂಡಳಿ, ಮತ್ತು ಆ ಮಂಡಳಿಯಲ್ಲಿ ಇವರೇ ಕುಳಿತಿದ್ದರು.

ಆ ವರ್ಷದ ಉಳಿದ ಘಟನೆಗಳನ್ನು ಬೇಗ ಹೇಳಿ ಮುಗಿಸಬಹುದು. ಬಾರಾಮಹಲ್ ಸೀಮೆಯನ್ನೂ ಹತ್ತು ಲಕ್ಷ ರೂಪಾಯಿಗಳನ್ನೂ ಕೊಡುವುದಾಗಿ ಹೈದರ್ ಹೇಳಿಕಳುಹಿಸಿದ ಸಂಧಿಯ ಮಾತು ಕಂಪನಿಯ ಅತಿಯಾದ ಬೇಡಿಕೆಗಳಿಂದ ಮುರಿಯಿತು. ಸ್ಮಿತ್‌ನನ್ನು ಸಮಾಲೋಚನೆಗೆಂದು ಮದರಾಸಿಗೆ ಹಿಂದಕ್ಕೆ ಕರೆಸಿಕೊಂಡರು; ನವಾಬನೂ ಮೇಲ್ವಿಚಾರಕರೂ ಕೋಲಾರವನ್ನು ಬಿಟ್ಟು ಹೋದರು. ವುಡ್ ಬಾಗಲೂರಿನ ಬಳಿ ತೋಪುಗಳನ್ನೂ ಸಾಮಗ್ರಿಯನ್ನೂ ಕಳೆದುಕೊಂಡು, ಅಧಿಕಾರದಿಂದ ಇಳಿಸಲ್ಪಟ್ಟು, ಬಂಧನದಲ್ಲಿ ಮದರಾಸಿಗೆ ಹೋಗಿ ಸೈನಿಕ ವಿಚಾರಣೆಯನ್ನು ಎದುರಿಸಬೇಕಾಯಿತು. 1769ರ ವಸಂತದಲ್ಲಿ ಹೈದರ್ ತನ್ನ ಸವಾರರೊಡನೆ ಮದರಾಸಿನ ಬಾಗಿಲಿಗೇ ಬಂದು ನಿಂತು, ತನಗೆ ಒಪ್ಪಿತವಾದ ಷರತ್ತುಗಳ ಮೇಲೆ ಏಪ್ರಿಲ್ ತಿಂಗಳಲ್ಲಿ ಸಂಧಿ ಮಾಡಿಕೊಂಡನು. ಸೋತ ಸೇನಾನಿಗೆ ವಿಚಾರಣೆ ಎದುರಾಯಿತು. ಜಾನ್ ಕಾಲ್ ಇಂಗ್ಲೆಂಡಿಗೆ ಮರಳಿ, 1784ರಿಂದ ಪಾರ್ಲಿಮೆಂಟಿನ ಸದಸ್ಯನಾಗಿ, 1791ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯ ಬಿರುದನ್ನು ಪಡೆದನು.

ಹೈದರನ ಗೆಲುವಿನ ಸುದ್ದಿ 1769ರ ಬೇಸಿಗೆಯ ಹೊತ್ತಿಗೆ ಲಂಡನ್ನನ್ನು ಮುಟ್ಟಿ ಕಂಪನಿಯ ಷೇರುಗಳ ಬೆಲೆ ಕುಸಿದ ಮೇಲೆಯೇ ಅಲ್ಲಿಯ ಡೈರೆಕ್ಟರುಗಳಿಗೆ ಭಾರತದಲ್ಲಿ ನಡೆಯುತ್ತಿರುವ ದುರಾಡಳಿತದ ತನಿಖೆ ತುರ್ತೆನಿಸಿತು. ಹೆನ್ರಿ ವಾನ್ಸಿಟಾರ್ಟ್, ಲ್ಯೂಕ್ ಸ್ಕ್ರಾಫ್ಟನ್ ಮತ್ತು ಸೇನಾನಿಯಾಗಿ ಹೆಸರಾಗಿದ್ದ ಫ್ರಾನ್ಸಿಸ್ ಫೋರ್ಡ್ ಎಂಬ ಮೂವರನ್ನು ಸೂಪರ್‌ವೈಸರುಗಳೆಂದು ನೇಮಿಸಿ, ಮೂರು ಪ್ರೆಸಿಡೆನ್ಸಿಗಳಲ್ಲಿಯೂ ಯಾವ ಕಚೇರಿಯ ಲೆಕ್ಕವನ್ನಾದರೂ ಪರೀಕ್ಷಿಸುವ, ಯಾವ ಅಧಿಕಾರಿಯನ್ನಾದರೂ ತಡೆಹಿಡಿಯುವ ವಿಶಾಲ ಅಧಿಕಾರವನ್ನು ಕೊಟ್ಟರು. ಮದರಾಸಿನ ಮಂಡಳಿಗೆ ಹೊರಗಿನವರಾಗಿ, ಅದಕ್ಕಿಂತ ಮೇಲಿನವರಾಗಿ ಬರುತ್ತಿದ್ದ ತನಿಖಾಧಿಕಾರಿಗಳು ಇವರು. ಇವರನ್ನು ಹೊತ್ತ ಅರೋರಾ ಎಂಬ ಯುದ್ಧನೌಕೆ 1769ರ ಡಿಸೆಂಬರ್ ಕೊನೆಯಲ್ಲಿ ಗುಡ್‌ಹೋಪ್ ಭೂಶಿರವನ್ನು ಬಿಟ್ಟ ಮೇಲೆ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಹಡಗಿನೊಡನೆ ತನಿಖೆಯೂ ಸಮುದ್ರದ ಪಾಲಾಯಿತು. ಜನರಲ್ ಬರ್ಗಾಯಿನ್ ಎಂಬ ಸೇನಾಧಿಕಾರಿಯ ಅಧ್ಯಕ್ಷತೆಯಲ್ಲಿ 1772ರಲ್ಲಿ ಪಾರ್ಲಿಮೆಂಟಿನ ಸಮಿತಿ ಕಂಪನಿಯ ವ್ಯವಹಾರವನ್ನು ಕೆದಕಿತು, 1773ರ ರೆಗ್ಯುಲೇಟಿಂಗ್ ಕಾಯಿದೆ ಅಧಿಕಾರಿಗಳು ನಜರು, ಅಂದರೆ ಕಾಣಿಕೆ, ಸ್ವೀಕರಿಸುವುದನ್ನು ನಿಷೇಧಿಸಿತು. ಆದರೆ ಆ ಸಮಿತಿಯ ಗಮನವೆಲ್ಲ ಬಂಗಾಳದ ಮೇಲೆ, ಕ್ಲೈವನ ಸಂಪತ್ತಿನ ಮೇಲೆ ಇತ್ತು.

ಕೋಲಾರ ಸೀಮೆಯ ಹೊರಗಿನ ಒಂದು ಪ್ರಕರಣವನ್ನೂ ಇಲ್ಲಿ ನೋಡಬೇಕು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದು ಅಲ್ಲಿಯ ಭಂಡಾರವನ್ನು ಏನು ಮಾಡಿದನೆಂಬ ಪ್ರಶ್ನೆ ಎದ್ದಾಗ, ಮೆಕ್ಲಿಯೋಡ್, ಹಂಬರ್ಸ್ಟನ್ ಮತ್ತು ಶಾ ಎಂಬ ಮೂವರು ಅಧಿಕಾರಿಗಳು ತಾವಾಗಿಯೇ ಬೊಂಬಾಯಿಗೆ ಹೋಗಿ ದೂರು ಕೊಟ್ಟರು. ಸರ್ಕಾರ ಮ್ಯಾಥ್ಯೂಸನನ್ನು ಬದಲಾಯಿಸಿತು, ಆದರೆ ವಿಚಾರಣೆ ನಡೆಯುವ ಮೊದಲೇ ಹೈದರನ ಮಗ ಟಿಪ್ಪು ಬಿದನೂರನ್ನು ಮರಳಿ ಪಡೆದು ಮ್ಯಾಥ್ಯೂಸನನ್ನು ಸೆರೆಹಿಡಿದಿದ್ದನು. ಕೆಳಗಿನ ಅಧಿಕಾರಿಗಳು ಮೇಲಿನವನ ವಿರುದ್ಧ ಮಾತನಾಡಬೇಕಾದರೆ ರಣರಂಗವನ್ನೇ ಬಿಟ್ಟು ಹೋಗಬೇಕಾಯಿತು ಎಂಬುದು ಆ ಪ್ರಕರಣದಲ್ಲಿ ಗಮನಿಸತಕ್ಕ ಅಂಶ.

ಮತ್ತೆ ಕೋಲಾರ ಸೀಮೆಗೆ ಬಂದರೆ, ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಫೆಬ್ರವರಿಯಲ್ಲಿ ಮೊಗಲಿ ಘಾಟಿಯನ್ನು ಹತ್ತಿ ಪಲಮನೇರು, ಮುಳಬಾಗಿಲುಗಳ ದಾರಿಯಾಗಿ ಬಂದು ತಿಂಗಳ ಕೊನೆಗೆ ಕೋಲಾರವನ್ನು ತಲುಪಿದಾಗ ಈ ಸೀಮೆಯ ಜನ ಮತ್ತೊಂದು ಬಾರಿ ಅದೇ ಕಂಪನಿಯ ದಂಡನ್ನು ಕಂಡರು. ಕೋಲಾರ ಮತ್ತು ಹೊಸಕೋಟೆ ಹೆಚ್ಚಿನ ಪ್ರತಿರೋಧವಿಲ್ಲದೆ ಶರಣಾದವು. ಶರಣಾದ ಸೀಮೆಯಲ್ಲಿ ಲೂಟಿಗೆ ಯುದ್ಧದ ನೆಪವೂ ಇರಲಿಲ್ಲ. ಆದರೂ ಬೆಂಗಳೂರಿನತ್ತ ಸಾಗುವಾಗ ದಂಡಿನವರೂ ಅದರ ಹಿಂದೆ ಬಂದ ಬಜಾರಿನವರೂ ಹಳ್ಳಿಗಳಿಗೆ ನುಗ್ಗಿ ದೋಚಿದರು, ಮನೆಗಳಿಗೆ ಬೆಂಕಿಯಿಟ್ಟರು. ಕಾರ್ನ್‌ವಾಲಿಸ್ ತನ್ನ ಆಜ್ಞಾಪತ್ರದಲ್ಲಿ ಇದನ್ನು ಕಟುವಾದ ಮಾತುಗಳಲ್ಲಿ ಖಂಡಿಸಿ, ತಡೆಯುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದನು. ಸಿಕ್ಕಿಬಿದ್ದ ಕೆಲವರನ್ನು ಗಲ್ಲಿಗೇರಿಸಿದನು. ಎಂಟು ವರ್ಷಗಳ ಆಮೇಲೆ, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ರಾತ್ರಿಯ ಲೂಟಿಯನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೆ ಹಾಕಿಸಿದ್ದೂ ಇದೇ ಕ್ರಮ.

ಈ ಶಿಕ್ಷೆಗಳನ್ನು ಮೆಚ್ಚಿಕೊಳ್ಳುವ ಮೊದಲು ಇನ್ನೊಂದು ಸಂಗತಿಯನ್ನು ತೂಗಿನೋಡಬೇಕು. ಗೆದ್ದ ಕೋಟೆಯ ಸಂಪತ್ತನ್ನು ದಂಡು ಅಧಿಕೃತವಾಗಿಯೇ ಹಂಚಿಕೊಳ್ಳುತ್ತಿತ್ತು. ಇದಕ್ಕೆ ಪ್ರೈಜ್ ಹಣವೆಂದು ಹೆಸರು, ಇದನ್ನು ಲೆಕ್ಕ ಹಾಕಿ ಹಂಚಲು ಪ್ರೈಜ್ ಏಜೆಂಟರೆಂಬ ಅಧಿಕಾರಿಗಳು ಇರುತ್ತಿದ್ದರು, ಹುದ್ದೆ ದೊಡ್ಡದಾದಷ್ಟೂ ಪಾಲು ದೊಡ್ಡದಾಗುತ್ತಿತ್ತು. ಹಳ್ಳಿಯ ಗುಡಿಸಲಿನಿಂದ ತಾಮ್ರದ ಬಿಂದಿಗೆ ಎತ್ತಿಕೊಂಡ ಕೂಲಿಯಾಳು ಗಲ್ಲಿಗೆ ಹೋದ ಅದೇ ವ್ಯವಸ್ಥೆಯಲ್ಲಿ ಅರಮನೆಯ ಭಂಡಾರ ಸೇನಾಪತಿಗಳ ನ್ಯಾಯವಾದ ಸಂಪಾದನೆ ಎನಿಸಿತು. ಆದುದರಿಂದ ಕಾರ್ನ್‌ವಾಲಿಸನ ಕ್ರಮ ಹಳ್ಳಿಗರನ್ನು ಸ್ವಲ್ಪಮಟ್ಟಿಗೆ ಕಾಪಾಡಿತು ಎಂದು ಒಪ್ಪಬೇಕು, ಅದನ್ನು ಪೂರ್ಣ ನ್ಯಾಯವೆಂದು ಒಪ್ಪಲಾಗದು.

ಅವನ ಕಾಲದ ನಿಜವಾದ ಸುಧಾರಣೆ ನೇಣುಗಂಬದಲ್ಲಿರಲಿಲ್ಲ, ಸರಬರಾಜಿನಲ್ಲಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಎತ್ತುಗಳು ಮೇವಿಲ್ಲದೆ, ರೋಗದಿಂದ ರಾಶಿರಾಶಿಯಾಗಿ ಸತ್ತು, ಎಳೆಯಲಾಗದ ಭಾರೀ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಗಿ ಬಂದ ಮೇಲೆ, ಕಾರ್ನ್‌ವಾಲಿಸ್ ಬಂಜಾರರನ್ನು ನೆಚ್ಚಿದನು. ಬಂಜಾರರು, ಅಂದರೆ ಕನ್ನಡ ನಾಡಿನಲ್ಲಿ ಲಂಬಾಣಿಗಳೆಂದು ಕರೆಯಲ್ಪಡುವವರು, ತಮ್ಮ ಸ್ವಂತ ಹೇರೆತ್ತುಗಳ ಮೇಲೆ ಧಾನ್ಯ ತಂದು ಪಾಳೆಯದ ಬಜಾರಿನಲ್ಲಿ ಮಾರುತ್ತಿದ್ದರು. ತಂದಷ್ಟಕ್ಕೆ ಹಣ, ತರದಿದ್ದರೆ ಇಲ್ಲ. ಪಟ್ಟಿಯಲ್ಲಿ ಮಾತ್ರ ಬದುಕಿರುವ ಎತ್ತಿಗೆ ಇಲ್ಲಿ ಬಾಡಿಗೆ ಹುಟ್ಟುವಂತಿರಲಿಲ್ಲ. ಇವರನ್ನು ಕೂಡಿಸಿ ವ್ಯವಸ್ಥೆಗೊಳಿಸಿದವರಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮುಖ್ಯನಾದವನು. ಯುದ್ಧಕ್ಕೆ ಮೊದಲು, 1788ರಿಂದ, ಆಂಬೂರಿನಲ್ಲಿದ್ದ ಗುಪ್ತಮಾಹಿತಿ ವಿಭಾಗಕ್ಕೆ ಅವನೇ ಮುಖ್ಯಸ್ಥ, ಥಾಮಸ್ ಮನ್ರೋ ಅವನ ಸಹಾಯಕ. ಘಟ್ಟದ ಮೇಲಿನ ಊರುಗಳ ದಾರಿ, ನೀರು, ಬೆಳೆ, ಜನರ ಭಾಷೆಗಳನ್ನು ಬಲ್ಲ ಅಧಿಕಾರಿಗಳು ಇವರಾಗಿದ್ದರು. ಯುದ್ಧದ ನಂತರ 1792ರಲ್ಲಿ ಇಬ್ಬರೂ ಬಾರಾಮಹಲಿನ ಕಂದಾಯದ ಆಡಳಿತಕ್ಕೆ ನೇಮಕಗೊಂಡರು. ನೆಲವನ್ನು ತಾನೇ ನಡೆದು ನೋಡುವ, ರೈತನೊಡನೆ ಅವನ ಭಾಷೆಯಲ್ಲಿಯೇ ಮಾತನಾಡುವ ತನಿಖಾಧಿಕಾರಿ ದಿಂಡಿಗಲ್ಲಿನ ಅರಿಸಿನದ ಪಟ್ಟಿಗಳಿಂದ ಮೋಸಹೋಗುವ ಸಂಭವ ಕಡಿಮೆ.

1768 ಮತ್ತು 1791ರ ಈ ಎರಡು ಯುದ್ಧಗಳ ಕಾಗದಗಳಲ್ಲಿ ಎತ್ತುಗಳ ಎಣಿಕೆಯಿದೆ, ಧಾನ್ಯದ ತೂಕವಿದೆ, ಅಧಿಕಾರಿಗಳ ಜಗಳವಿದೆ; ಜೋಡೆತ್ತು ಕಳೆದುಕೊಂಡ ಮುಳಬಾಗಿಲಿನ ಒಕ್ಕಲಿಗನನ್ನು, ಹಗೇವು ಕಳೆದುಕೊಂಡ ಮಾಲೂರಿನ ಗೌಡನನ್ನು ಕರೆಸಿ ಕೇಳಬೇಕೆಂಬ ಕಲ್ಪನೆ ಆ ಕಾಲದ ಸೈನಿಕ ನ್ಯಾಯಪದ್ಧತಿಯಲ್ಲಿ ಇರಲಿಲ್ಲ. ಲೂಟಿಯನ್ನು ಶಿಸ್ತಿನ ಉಲ್ಲಂಘನೆಯೆಂದು ನೋಡಿದರೇ ಹೊರತು, ರೈತನಿಗೆ ಆದ ಅನ್ಯಾಯವೆಂದು ನೋಡಲಿಲ್ಲ. ಈ ಕೊರತೆಯೇ ಉಳಿದೆಲ್ಲ ಕೊರತೆಗಳಿಗಿಂತ ದೊಡ್ಡದು.

ಸ್ವತಂತ್ರ ಭಾರತದ ಸೇನಾ ಕಾನೂನು ಈ ಪ್ರಶ್ನೆಗಳಲ್ಲಿ ಕೆಲವನ್ನು ಬಗೆಹರಿಸಿದೆ, ಕೆಲವನ್ನು ಹಾಗೆಯೇ ಉಳಿಸಿಕೊಂಡಿದೆ. 1950ರ ಸೇನಾ ಕಾಯಿದೆಯ 52ನೆಯ ಕಲಮು ಸರ್ಕಾರದ ಆಸ್ತಿಯ ಕಳವು ಮತ್ತು ದುರುಪಯೋಗವನ್ನು ಅಪರಾಧವಾಗಿಸುತ್ತದೆ. 1954ರ ಸೇನಾ ನಿಯಮಗಳ ಪ್ರಕಾರ ಕೋರ್ಟ್ ಆಫ್ ಇನ್‌ಕ್ವಯರಿ, ಅಂದರೆ ಶಿಕ್ಷೆ ಕೊಡದೆ ಸತ್ಯಾಂಶವನ್ನು ಮಾತ್ರ ಶೋಧಿಸುವ ಮಂಡಳಿ, ಸಾಕ್ಷ್ಯ ಸಂಗ್ರಹಿಸುತ್ತದೆ. ಯಾರ ನಡತೆಗೆ ಕಳಂಕ ತಟ್ಟುವಂತಿದೆಯೋ ಅವನು ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕನ್ನು 180ನೆಯ ನಿಯಮ ಕೊಡುತ್ತದೆ. ಹೈದರನ ಕೊರಡೆಯಲ್ಲಿ ಇಲ್ಲದಿದ್ದುದು ಈ ಹಕ್ಕೇ. 2007ರ ಕಾಯಿದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಮೇಲ್ಮನವಿ ಸಲ್ಲಿಸಬಹುದು. ಆದರೆ ಸೇನಾ ಕಾಯಿದೆಯ 70ನೆಯ ಕಲಮಿನಂತೆ, ನಾಗರಿಕರ ಮೇಲೆ ನಡೆದ ಕೊಲೆ ಮತ್ತು ಅತ್ಯಾಚಾರದಂಥ ಅಪರಾಧಗಳನ್ನು ಸಾಮಾನ್ಯವಾಗಿ ಕೋರ್ಟ್ ಮಾರ್ಷಲ್ ವಿಚಾರಿಸುವಂತಿಲ್ಲವಾದರೂ, ಸಕ್ರಿಯ ಸೇವೆಯಲ್ಲಿರುವಾಗ ನಡೆದರೆ ವಿಚಾರಿಸಬಹುದು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ ನಾಗರಿಕ ನ್ಯಾಯಾಲಯದಲ್ಲಿ ಸೈನಿಕನ ಮೇಲೆ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಅನುಮತಿ ಬೇಕು. ಅಂದರೆ ಹಳ್ಳಿಯವನ ದೂರು ನಡೆಯಬೇಕೋ ಬೇಡವೋ ಎಂಬುದನ್ನು, ದೂರಿಗೆ ಒಳಗಾದ ಪಡೆಯನ್ನು ಅಲ್ಲಿಗೆ ಕಳುಹಿಸಿದ ಸರ್ಕಾರವೇ ತೀರ್ಮಾನಿಸುತ್ತದೆ. ಕೋಲಾರದ ಮೇಲ್ವಿಚಾರಕರಂತೆ ಈಗಿನವರಿಗೆ ಲಾಭದ ಪಾಲಿಲ್ಲ ಎಂಬುದು ದೊಡ್ಡ ವ್ಯತ್ಯಾಸವೇ ಸರಿ. ಹೊರಗಿನ ಕಣ್ಣು ಬೇಕೆಂಬ ಅಗತ್ಯ ಮಾತ್ರ ತೀರಿಲ್ಲ.

ಇಂದಿನ ಭಾರತೀಯ ಸೇನೆಯಲ್ಲಿ ಪ್ರೊವೋಸ್ಟ್ ಎಂಬ ಹೆಸರು ಮಿಲಿಟರಿ ಪೊಲೀಸ್ ದಳದ ಮುಖ್ಯಸ್ಥನ ಹುದ್ದೆಯಲ್ಲಿ ಉಳಿದಿದೆ, ಮತ್ತು ಆ ದಳದ ತರಬೇತಿ ಕೇಂದ್ರವಿರುವುದು ಬೆಂಗಳೂರಿನಲ್ಲಿ. 2021ರ ಮೇ 8ರಂದು ಅಲ್ಲಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಸೇವೆಗೆ ಸೇರಿತು. ಪಡೆಯ ವಿರುದ್ಧ ದೂರು ಹೇಳಲು ಬರುವ ಹೆಣ್ಣುಮಗಳ ಮಾತನ್ನು ಇನ್ನೊಬ್ಬ ಹೆಣ್ಣುಮಗಳು ಸಮವಸ್ತ್ರದಲ್ಲಿ ಕುಳಿತು ಕೇಳುವುದು ಸಾಧ್ಯವಾಗಿರುವುದು ಈ ಇತಿಹಾಸದಲ್ಲಿ ಸಣ್ಣ ಬದಲಾವಣೆಯಲ್ಲ.

1768ರ ಕೋಲಾರದ ಪತ್ರವ್ಯವಹಾರ, ಮೇಲ್ವಿಚಾರಕರ ವರದಿಗಳು, ಸ್ಮಿತ್‌ನ ದೂರುಗಳು ಮದರಾಸ್ ಸರ್ಕಾರದ ಸೇನಾ ಇಲಾಖೆಯ ಕಡತಗಳಿಗೆ ಸೇರಿದವು. ಆ ಇಲಾಖೆಯ ಹಳೆಯ ನಡಾವಳಿಗಳನ್ನು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ಕಾಪಾಡಿಕೊಂಡು ಬಂದಿದೆ. ಕೋಲಾರದ ಟಮಕದಲ್ಲಿ ನೆಲೆಗೊಂಡಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಆ ಕಡತಗಳನ್ನು ತೆರೆದು, ಮುಳಬಾಗಿಲು, ಮಾಲೂರು, ಕೋಲಾರ ಮತ್ತು ಶ್ರೀನಿವಾಸಪುರಗಳಿಗೆ ಸಂಬಂಧಪಟ್ಟ ಭಾಗಗಳನ್ನು ಊರೂರಿನ ಹೆಸರು ಗುರುತಿಸಿ ಕನ್ನಡಕ್ಕೆ ತರುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.